ತಡವಾಗಿ ಇಳಿದ ಹಾಲು

ಬೆಸಗರಹಳ್ಳಿಯಲ್ಲಿ ಮಗುವನ್ನು ಮಣ್ಣು ಮಾಡಿದ ಮಾರನೆಯ ಬೆಳಗ್ಗೆ, ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದ್ದ ರೂಪಳಿಗೆ ಹಾಲು ಇಳಿಯಿತು. ಸೆರಗು ಒದ್ದೆಯಾದದ್ದನ್ನು ಮೊದಲು ಕಂಡವಳು ಅತ್ತೆ ಪಟ್ಟಲಮ್ಮ. ಹೊರಗೆ ಹೋಗಿ ಎರಡು ಮೊಳ ಮಲ್ಲಿಗೆ ತಂದು ಸೊಸೆಯ ಎದೆಗೆ ಕಟ್ಟಿದಳು. ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆಂದು ಅವಳ ನಂಬಿಕೆ.

ಅಷ್ಟರಲ್ಲಿ ನರ್ಸ್ ರಂಜಿತ ಬಂದಳು. ಮಕ್ಕಳ ವಾರ್ಡಿನಲ್ಲಿ ತಿಂಗಳು ತುಂಬದೆ ಹುಟ್ಟಿದ ಒಂದು ಹೆಣ್ಣುಮಗು ಇತ್ತು. ಅದರ ತಾಯಿಗೆ ಇನ್ನೂ ಎಚ್ಚರ ಬಂದಿರಲಿಲ್ಲ.

"ಕೇಳೋಕೆ ನಾಲಿಗೆ ಬರಲ್ಲ ರೂಪ. ಆದ್ರೂ ಸ್ವಲ್ಪ ಹಾಲು ಕೊಡ್ತೀರಾ?"

ಪಟ್ಟಲಮ್ಮ ಸಿಡಿದಳು. "ನಮ್ ಕೂಸೇ ಓಯ್ತು. ಇನ್ಯಾರ್ ಮಗೀಗೋ ಇವಳು ಆಲು ಇಂಡ್ಬೇಕಾ? ಓಗಮ್ಮ ಅತ್ಲಾಗೆ!"

"ಆ ಮಗೂಗೆ ಕ್ರಿಮಿಗಳನ್ನ ಎದುರಿಸೋ ಶಕ್ತಿ ಇನ್ನೂ ಬಂದಿಲ್ಲ ಅಮ್ಮ. ತಾಯಿ ಮೈ ಎಷ್ಟೋ ಕಾಯಿಲೆ ಜೊತೆ ಹೋರಾಡಿರುತ್ತೆ. ಆ ಬಲ ಮೊದಲ ದಿನಗಳ ಹಾಲಲ್ಲಿ ಮಗೂಗೆ ಹೋಗುತ್ತೆ. ಪರೀಕ್ಷೆ ಮಾಡಿ, ಕಾಯಿಸಿಯೇ ಕುಡಿಸ್ತೀವಿ."

ರೂಪ ಛಾವಣಿಯಿಂದ ಕಣ್ಣು ಕೀಳಲಿಲ್ಲ. ಅವಳ ಮಗ ತೀರಿಕೊಂಡದ್ದು ರಕ್ತಕ್ಕೆ ನಂಜು ಏರಿಯೇ.

"ಅಂಗಾರೆ ನನ್ ಮಗೀಗೆ ಯಾಕ್ ಸಿಗ್ಲಿಲ್ಲ ಸಿಸ್ಟರ್?"

"ಆಗಿನ್ನೂ ನಿಮಗೆ ಹಾಲೇ ಇಳಿದಿರ್ಲಿಲ್ಲವಲ್ಲ ರೂಪ" ಎಂದ ರಂಜಿತಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಾಗಿಲವರೆಗೆ ಹೋಗಿದ್ದಳು.

"ಬಟ್ಟಲು ತನ್ನಿ" ಎಂದಳು ರೂಪ. ಮಲ್ಲಿಗೆಯನ್ನು ತಾನೇ ಬಿಚ್ಚಿದಳು. ಆಪರೇಷನ್ ಆದ ಹೊಟ್ಟೆ ಹಿಡಿದುಕೊಂಡು ಎದ್ದು ಕೂತು, ತುಟಿ ಕಚ್ಚಿಕೊಂಡು ಹಿಂಡಿದಳು. ಬಟ್ಟಲಿನ ತಳ ಮುಚ್ಚುವಷ್ಟು ಆಯಿತು. ಮರುದಿನ ಇನ್ನಷ್ಟು. ಪಟ್ಟಲಮ್ಮ ಎರಡೂ ದಿನ ಗೋಡೆಗೆ ಮುಖ ಮಾಡಿಕೊಂಡೇ ಕೂತಿದ್ದಳು.

ಮನೆಗೆ ಹೊರಡುವ ದಿನ ಗಂಡ ಸಿದ್ದೇಶ್ ಆಟೋ ತರಲು ಹೋದ. ರಂಜಿತ ಓಡಿಬಂದಳು.

"ರೂಪ, ಒಳಲೆಯಲ್ಲಿ ಬಾಯಿಗೆ ಹಾಕಿದ ಹಾಲನ್ನೆಲ್ಲ ಆ ಮಗು ಕುಡೀತು. ಒಂದು ತೊಟ್ಟೂ ಚೆಲ್ಲಲಿಲ್ಲ."

ರೂಪ ತಲೆಯಾಡಿಸಿದಳು.

ಹಾಸಿಗೆ ಬಟ್ಟೆ ಮಡಿಸುತ್ತಿದ್ದ ಪಟ್ಟಲಮ್ಮ ತಿರುಗಿದಳು.

"ಎಗಲ ಮ್ಯಾಲೆ ಆಕ್ಕಂಡು ತೇಗ್ಸುದ್ರಾ ತಾಯಿ?"

ಕೇಳುವಾಗ ಅವಳ ಅಂಗೈ ತನ್ನ ಬರಿ ಹೆಗಲನ್ನು ಮೆಲ್ಲಗೆ ತಟ್ಟುತ್ತಿತ್ತು.