ಅಣ್ಣನ ದನಿ

ಇದು ಕಟ್ಟುಕಥೆಯಲ್ಲ, ನನಗೇ ತಟ್ಟಿದ ಕಥೆ.

ನಮ್ಮ ಬಡಾವಣೆಯ ಮಹಿಳಾ ಸಮಾಜದವರು ‘ಹೆಣ್ಣಿನ ಹಾಡು’ ಅಂತ ಒಂದು ಗೀತ-ಕಾವ್ಯ ಸಂಜೆ ಇಟ್ಟುಕೊಂಡಿದ್ದರು. ಆಹ್ವಾನಪತ್ರಿಕೆಯನ್ನು ‘ಹೆಣ್ಣಿನ ಪಾಡು’ ಎಂದು ಜೋರಾಗಿ ಓದಿ ನಾನು ಮೊದಲೇ ಬೈಸಿಕೊಂಡಿದ್ದೆ.

ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನಮ್ಮ ಅತ್ತಿಗೆ ಮೊದಲ ಸಲ ವೇದಿಕೆ ಹತ್ತಿ, ತಾವೇ ಬರೆದ ಪದ್ಯ ಹಾಡುತ್ತಿದ್ದರು. ಅಣ್ಣ ಆಫೀಸಿನ ಟೂರಿಗೆ ಹೋಗಿದ್ದರಿಂದ ಬಂದ ಧೈರ್ಯ ಅದು. ನನಗೋ ಮಿಮಿಕ್ರಿಯ ಚಟ. ಎರಡನೇ ಚರಣಕ್ಕೆ ಬರುವಾಗ ಪರದೆಯ ಹಿಂದಿನಿಂದ ಥೇಟ್ ಅಣ್ಣನ ದನಿಯಲ್ಲಿ, “ಸಾಕು, ನಿಲ್ಲಿಸೇ” ಅಂದೆ.

ಅತ್ತಿಗೆ ತಿರುಗಿಯೂ ನೋಡಲಿಲ್ಲ. ಹಾಳೆ ಮಡಚಿಕೊಂಡು ಮೆಟ್ಟಿಲಿಳಿದು ಚಪ್ಪಲಿ ಹುಡುಕತೊಡಗಿದರು. ತಬಲಾದವನು ಇನ್ನೂ ನುಡಿಸುತ್ತಲೇ ಇದ್ದ.

ನಾನು ಓಡಿದೆ. “ಅತ್ತಿಗೆ, ಅದು ನಾನು. ತಮಾಷೆಗೆ ಅಂದದ್ದು. ಹೋಗಿ, ಹಾಡಿ.”

“ಹಾಳಾದವನೇ, ಅವರೇ ಬಂದ್ರು ಅಂದ್ಕೊಂಡೆ ಕಣೋ. ಇನ್ನು ನಾನು ಹಾಡಲ್ಲ.”

“ತಪ್ಪಾಯ್ತು. ಏನು ಮಾಡಿದ್ರೆ ಹಾಡ್ತೀರಿ, ಹೇಳಿ.”

“ಅದೇ ದನೀಲಿ ‘ಚೆನ್ನಾಗಿ ಹಾಡ್ತೀಯ ಕಣೇ’ ಅನ್ನು. ಈಗಲೇ ಹತ್ತಿ ಹಾಡ್ತೀನಿ.”

ಅದೇನು ಮಹಾ ಅಂತ ಬಾಯಿ ತೆರೆದೆ. ಮೊದಲ ಸಲ ನನ್ನ ದನಿಯೇ ಬಂತು. ಇನ್ನೊಮ್ಮೆ ಪ್ರಯತ್ನಿಸಿದರೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರದು. ಮೂರನೆಯ ಸಲ ಬರೀ ಕೆಮ್ಮು. ಸುತ್ತ ನಿಂತಿದ್ದವರೆಲ್ಲ ನಗತೊಡಗಿದರು.

ಎಲ್ಲರಿಗಿಂತ ಜೋರಾಗಿ ನಕ್ಕ ಅತ್ತಿಗೆ, “ಬಿಡು, ಅದನ್ನ ನೀನಾದರೂ ಎಲ್ಲಿ ಕೇಳಿದ್ದೀಯ” ಅಂದರು.