ಒಂಬತ್ತನೇ ಹೆಸರು

ಸತ್ತವರ ವಿಷಯ, ಅದರಲ್ಲೂ ಕರ್ತವ್ಯದಲ್ಲಿ ಸತ್ತವರ ವಿಷಯ, ಹೀಗೆ ಕಥೆ ಮಾಡಿ ಹೇಳುವುದು ಸರಿಯಲ್ಲವೇನೋ. ಹೇಳದೆ ಇರಲೂ ಆಗುತ್ತಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ತಮ್ಮನ ಹೆಸರನ್ನು ಯಾವ ಅಣ್ಣನೂ ಹಾಗೆ ನೋಡುವುದಿಲ್ಲ ಎಂದು ಅಕ್ಷರದಕ್ಕನಿಗೆ ಮೂರನೇ ದಿನವೇ ಅನ್ನಿಸಿತ್ತು. ದಿನವೂ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ ಆ ಮುದುಕನ ಕಣ್ಣಲ್ಲಿ ದುಃಖವಿರಲಿಲ್ಲ, ಅಸಹ್ಯವಿತ್ತು. ಆಸ್ತಿ ಜಗಳ ಇದ್ದಿರಬೇಕು ಎಂದುಕೊಂಡಳು.

ಕಲ್ಲಿನಲ್ಲಿ ಅಕ್ಷರ ಕೆತ್ತುವುದು ಅವಳ ಕಸುಬು. ಅಡ್ಡಹೆಸರು ಬಂದದ್ದೂ ಅದರಿಂದಲೇ. ಪೊಲೀಸ್ ಠಾಣೆಯ ಮುಂದೆ ನಿಲ್ಲಿಸುವ ಸ್ಮಾರಕದ ಕಪ್ಪು ಕಲ್ಲು ಅವಳ ಅಂಗಡಿಯ ಗೋಡೆಗೆ ಒರಗಿತ್ತು. ಮಡಿದವರು ಒಂಬತ್ತು ಮಂದಿ. ಪ್ರತಿ ಹೆಸರಿನ ಪಕ್ಕ ಅವರವರ ನಂಬರ್. ಹೆಸರನ್ನು ಮೊದಲು ಕಾಗದದ ಮೇಲೆ ಬರೆದು, ಮನೆಯವರಿಗೆ ತೋರಿಸಿ, ಸಹಿ ಹಾಕಿಸಿಕೊಂಡ ಮೇಲೆಯೇ ಉಳಿ ಹಿಡಿಯಬೇಕು ಎಂದು ಅವಳಪ್ಪ ಕಲಿಸಿದ್ದ. ಕಲ್ಲನ್ನು ಅಳಿಸಿ ಬರೆಯಲಾಗುವುದಿಲ್ಲವಲ್ಲ. ಅಕ್ಷರಗಳನ್ನು ಹತ್ತು ಸಲ ನೋಡುವವಳು, ಸಹಿ ಬಿದ್ದ ಕಾಗದವನ್ನು ಮಾತ್ರ ನೋಡದೆ ಮಡಿಸಿ ಡಬ್ಬಕ್ಕೆ ಹಾಕುತ್ತಿದ್ದಳು. ಸಹಿ ಬಿತ್ತೆಂದರೆ ತಲೆಯ ಮೇಲಿನ ಹೊರೆ ಇಳಿದಂತೆ.

ಪಟ್ಟಿ ತಂದುಕೊಟ್ಟ ಪೇದೆಯಿಂದಲೂ ಅವಳು ಸಹಿ ಹಾಕಿಸಿದ್ದಳು. ಅವನು ಸಹಿ ಮಾಡಿ, ಅಡಿಯಲ್ಲಿ ಗೆರೆ ಎಳೆದು, ತನ್ನ ನಂಬರ್ ಬರೆದು ನಕ್ಕ.

"ಅಭ್ಯಾಸ ಅಕ್ಕಾ. ಹಾಲಿನವನ ಚೀಟಿಗೂ ನಂಬರ್ ಹಾಕ್ತೀನಿ ಅಂತ ಹೆಂಡ್ತಿ ಆಡ್ಕೋತಾಳೆ. ಇವತ್ತು ಬರಬೇಕಾಗಿದ್ದೋನು ಬೇರೆಯವನು. ಅವನ ಬದಲು ನಾನು ಬಂದೆ. ಇಂಥದ್ದೆಲ್ಲ ನಮ್ಮ ರಿಜಿಸ್ಟರಿಗೆ ಹತ್ತಲ್ಲ ಬಿಡಿ."

ಪಟ್ಟಿಯಲ್ಲಿ ಕೊನೆಯವನು ನಂಬರ್ ೪೧೭. ಇಪ್ಪತ್ತೆರಡು ವರ್ಷದ ಹಿಂದೆ ಅವನು ಪಾಳಿಯಲ್ಲಿದ್ದ ಚೆಕ್‌ಪೋಸ್ಟಿಗೆ ಪೆಟ್ರೋಲ್ ಟ್ಯಾಂಕರ್ ನುಗ್ಗಿ ಹೊತ್ತಿಕೊಂಡಿತ್ತು. ಗುರುತು ಹಿಡಿಯಲು ಉಳಿದದ್ದು ಕೋಟಿನ ಹೆಗಲ ಮೇಲಿನ ಹಿತ್ತಾಳೆ ನಂಬರ್ ಒಂದೇ. ಹೆಂಡತಿ ಮಕ್ಕಳಿಲ್ಲ. ಈ ಮುದುಕ, ತಾನು ಅವನ ಅಣ್ಣ ಎಂದು ಹೇಳಿಕೊಂಡು, ಸ್ಮಾರಕದ ಸುದ್ದಿ ಕೇಳಿ ದೂರದಿಂದ ಬಂದಿದ್ದ.

"ನಿಮ್ಮ ತಮ್ಮ ಹೇಗಿದ್ರು?"

"ಹೇಡಿ."

"ಅಯ್ಯೋ ಅಜ್ಜ, ಸತ್ತವರನ್ನ ಹಾಗೆಲ್ಲ ಅನ್ನಬಾರದು."

"ಸತ್ತವರನ್ನ ನಾನು ಏನೂ ಅಂದಿಲ್ಲಮ್ಮ."

ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡ ಎಂದುಕೊಂಡು ಅವಳು ಉಳಿ ಎತ್ತಿಕೊಂಡಳು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸೂ ಬರುತ್ತಿದ್ದಳು. ಅವಳ ಕಾಲ ಸಪ್ಪಳ ಕೇಳಿದರೆ ಸಾಕು, ಮುದುಕನಿಗೆ ಕೆಮ್ಮು. ಎದ್ದು ಕಲ್ಲುಚಪ್ಪಡಿಗಳ ಹಿಂದಕ್ಕೆ ಹೋಗಿಬಿಡುತ್ತಿದ್ದ.

"ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿದಿದೆಯಲ್ಲ ಅಕ್ಕಾ."

"ಪಟ್ಟಿಯಲ್ಲಿ ಇಲ್ಲದ ಹೆಸರು ನಾನು ಹೇಗೆ ಕೆತ್ತಲಿ ತಾಯಿ?"

ಇವಳ ಗಂಡನೂ ಪೇದೆ. ಟ್ಯಾಂಕರ್ ಉರಿದ ದಿನವೇ ಕಾಣೆಯಾದವನು. ಬೆಂಕಿಯ ಸುದ್ದಿ ಕೇಳಿ ಕೆಲಸಕ್ಕೆ ಹೆದರಿ ಓಡಿದ ಎಂದು ಠಾಣೆಯವರು 'ಪರಾರಿ' ಎಂದು ಬರೆದು ಕೈತೊಳೆದುಕೊಂಡಿದ್ದರು.

"ಅವತ್ತು ಅವರಿಗೆ ರಜೆ. ಒಂದು ಗಂಟೇಲಿ ಬರ್ತೀನಿ, ನೀರು ಕಾಯಿಸಿಟ್ಟಿರು ಅಂತ ಹೋದ್ರು. ಅವರ ಕೋಟು ಇನ್ನೂ ಗೂಟದಲ್ಲೇ ಇದೆ. ಅಂಥಾ ಚಳೀಲಿ ಓಡಿಹೋಗೋನು ಕೋಟು ಬಿಟ್ಟು ಓಡ್ತಾನಾ, ನೀವೇ ಹೇಳಿ? ಇಪ್ಪತ್ತೆರಡು ವರ್ಷದಿಂದ ನಾನು ಓಡಿಹೋದವನ ಹೆಂಡ್ತಿ. ನನ್ನ ಮಗ ಓಡಿಹೋದವನ ಮಗ. ನಲ್ಲಿ ಮುಂದೇನೂ ತಲೆ ತಗ್ಗಿಸಿ ನಿಲ್ತೀನಿ."

ಅಕ್ಷರದಕ್ಕ ಧೈರ್ಯ ಮಾಡಿ ಠಾಣೆಗೆ ಹೋಗಿ ಇನ್‌ಸ್ಪೆಕ್ಟರನ್ನು ಕೇಳಿದಳು.

"ಆ ಹೆಸರು ಹಾಕಿದ್ರೆ ಒಂಬತ್ತು ಜನಾನೂ ಕಲ್ಲಿಂದ ಎದ್ದು ಬಂದು ನನ್ನ ಮುಖಕ್ಕೆ ಉಗೀತಾರಮ್ಮ," ಎಂದ ಅವನು, ಫೈಲಿನಿಂದ ತಲೆಯೆತ್ತದೆ.

ಮರಳಿ ಬಂದವಳು ಮುದುಕನ ಮುಂದೆ ಸಂಕಟ ತೋಡಿಕೊಂಡಳು. "ಪಾಪ, ಅವಳ ಗಂಡ ಎಲ್ಲಿಗೆ ಹೋದನೋ ಏನೋ."

"ದೂರ ಏನೂ ಹೋಗಿಲ್ಲ," ಎಂದ ಮುದುಕ. ಸಮಾಧಾನಕ್ಕೆ ಹೇಳುವ ಮಾತು ಎಂದು ಅವಳು ತಲೆಯಾಡಿಸಿದಳು.

ಎಂಟು ಹೆಸರು ಮುಗಿದವು. ಒಂಬತ್ತನೆಯದರ ಕಾಗದವನ್ನು ಅವನ ಮುಂದಿಟ್ಟಳು.

"ಇಲ್ಲಿ ಸಂಬಂಧ ಬರೀರಿ. ಕೆಳಗೆ ಸಹಿ."

ಮುದುಕ ಪೆನ್ನು ಕೈಗೆತ್ತಿಕೊಂಡ. "ಆಮೇಲೆ ತಿದ್ದೋಕೆ ಆಗಲ್ವಾ?"

"ಕಲ್ಲಲ್ವಾ ಅಜ್ಜ. ಏನಾದ್ರೂ ತಪ್ಪಿದ್ರೆ ಈಗಲೇ ಹೇಳಿಬಿಡಿ."

"ಅಕ್ಷರ ಎಲ್ಲಾ ಸರಿಯಾಗಿದೆ," ಎಂದು ಸಹಿ ಮಾಡಿದ. ಅವಳು ಕಾಗದವನ್ನು ಮಡಿಸಿ ಡಬ್ಬಕ್ಕೆ ಹಾಕಿದಳು. ಮರುದಿನದಿಂದ ಅವನು ಬರಲಿಲ್ಲ.

ಅನಾವರಣದ ದಿನ ಮಡಿದವರ ಮನೆಯವರಿಗೆಂದು ಮುಂದಿನ ಸಾಲಿನಲ್ಲಿ ಒಂಬತ್ತು ಕುರ್ಚಿ ಹಾಕಿದ್ದರು. ಎಂಟು ತುಂಬಿದವು. ಬೆಳಗಿನ ಪಾಳಿ ಮುಗಿಸಿ ಬಂದಿದ್ದ ಲಾಂಡ್ರಿಯವಳು, ನಿಂತು ನಿಂತು ಕಾಲು ಸೋತು, ಖಾಲಿ ಕುರ್ಚಿಯಲ್ಲಿ ಕೂತಳು. ಪೇದೆ ಬಂದು ಎಬ್ಬಿಸಿದ.

"ಇದು ಮಡಿದವರ ಮನೆಯವರಿಗೆ ಕಣಮ್ಮ. ಏಳಿ."

ಅವಳು ಎದ್ದಳು. ಪರದೆ ಸರಿದ ಮೇಲೆ, ಬೇಲಿಯಾಚೆ ನಿಂತು ಬೆರಳಿನಲ್ಲಿ ಹೆಸರುಗಳನ್ನು ಎಣಿಸಿದಳು. ಒಂಬತ್ತಕ್ಕೆ ಬೆರಳು ನಿಂತಿತು. ಯಾರನ್ನೂ ನೋಡದೆ ಹೊರಟುಹೋದಳು.

ಮರುದಿನ ಬೆಳಿಗ್ಗೆ, ಠಾಣೆಗೆ ಒಪ್ಪಿಸಲೆಂದು, ಕಾಗದಗಳನ್ನು ಡಬ್ಬದಿಂದ ತೆಗೆದು ಒಂದೊಂದಾಗಿ ಬಿಡಿಸಿದಳು. ಒಂಬತ್ತನೆಯದು. ಮೇಲೆ ತಾನೇ ಬರೆದ ಹೆಸರು. ಸಂಬಂಧ: ಅಣ್ಣ. ಕೆಳಗೆ ಸಹಿ, ಅದೇ ಹೆಸರು. ಸಹಿಯಡಿ ಒಂದು ಗೆರೆ. ಗೆರೆಯಡಿ ೪೧೭.

ಸುಟ್ಟ ಕೋಟು ಈ ಮುದುಕನದು. ಕೋಟಿನೊಳಗೆ ಇದ್ದವನು, ತನ್ನದನ್ನು ಗೂಟದಲ್ಲೇ ಬಿಟ್ಟು ಒಂದು ಗಂಟೆಗೆಂದು ಅವನ ಬದಲು ಬಂದವನು.

ಆ ನಂಬರನ್ನು ಅವನ ಕೈ ಅಭ್ಯಾಸಬಲದಿಂದ ಬರೆಯಿತೋ, ಅವನೇ ಬೇಕೆಂದು ಬರೆದನೋ, ಇವತ್ತಿಗೂ ಗೊತ್ತಿಲ್ಲ.