ಗೋಣಿಯ ಬಚ್ಚಲು

ಹುಣಸೂರಿನ ಹೊಗೆಸೊಪ್ಪಿನ ಗೋದಾಮಿನ ಮುಂದೆ ಹಾದರೆ ನನಗೆ ಈಗಲೂ ನೆನಪಾಗುವುದು ಸ್ನಾನ.

ನಮ್ಮ ಕಾಲೊನಿಯ ಮನೆಗಳಿಗೆ ಬಚ್ಚಲಿರಲಿಲ್ಲ. ಗಂಡಸರು ಹಗಲಲ್ಲೇ ಬೀದಿ ನಲ್ಲಿಯಲ್ಲಿ ಮೀಯುತ್ತಿದ್ದರು. ಹೆಂಗಸರು ಮಾತ್ರ ಬೆಳಕು ಹರಿಯುವ ಮೊದಲೇ ಮುಗಿಸಬೇಕಿತ್ತು. ನಾನು ದೊಡ್ಡವಳಾದ ಮೇಲೆ, ಸೊಪ್ಪು ವಿಂಗಡಿಸಲು ಹೋಗುತ್ತಿದ್ದ ಅವ್ವ ಗೋದಾಮಿನಲ್ಲಿ ಕೇಳಿ ಹರಿದ ಗೋಣಿಚೀಲಗಳನ್ನು ತಂದಳು. ಭಾನುವಾರ ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರೊಡನೆ ಕೂತು ದಬ್ಬಳದಲ್ಲಿ ಹೊಲಿದಳು. ಆಮೇಲೆ ಗಂಡಸರು ಇಸ್ಪೀಟು ಆಡುತ್ತಿದ್ದ ಹೊಂಗೆಮರದ ಕೆಳಗೇ ಗೂಟ ನೆಟ್ಟು, ಗೋಣಿಯ ಮರೆ ಕಟ್ಟತೊಡಗಿದಳು.

"ಇಷ್ಟ್ ದಿನ ಕತ್ಲಲ್ಲೇ ಮಾಡ್ಕತಿರ್ನಿಲ್ವಾ? ಈಗೇನ್ ಬಂತಮ್ಮಿ?" ಎಂದರು ದೊಡ್ಡಪ್ಪ, ಕೈಯಲ್ಲಿದ್ದ ಇಸ್ಪೀಟೆಲೆ ಕೆಳಗಿಡದೆ.

ಅವ್ವ ಹಗ್ಗ ಬಿಗಿಯುತ್ತಲೇ ಹೇಳಿದಳು: "ಮಗಳು ದೊಡ್ಡೋಳಾದ್ಲು ಕಣ್ ಬಾವ. ಬೇಕಾದ್ರೆ ನೀವ್ ಕತ್ಲಲ್ಲಿ ಆಡ್ಕಳಿ."

ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳದೆ ನಕ್ಕರು. ದೊಡ್ಡಪ್ಪ ಚಾಪೆ ಸುತ್ತಿದರು.

ಮೊದಲು ಒಳಗೆ ಹೋದವಳು ನಾನು. ಅವ್ವ ನೀರು ಹೊಯ್ದಳು. ಗೋಣಿಯ ತೂತುಗಳಿಂದ ಬಿಸಿಲು ಭುಜದ ಮೇಲೆ ಚುಕ್ಕಿಚುಕ್ಕಿಯಾಗಿ ಬಿತ್ತು. ಹೊರಗೆ ಟವೆಲು ಹಿಡಿದ ಹೆಂಗಸರು ಸರದಿಗೆ ನಿಂತಿದ್ದರು.

ಮರುದಿನ ನಾನು ಓದುತ್ತಿದ್ದ ಕಾನ್ವೆಂಟಿನಲ್ಲಿ ಪಕ್ಕ ಕೂತಿದ್ದ ಹುಡುಗಿ ಮೂಗು ಅರಳಿಸಿ, "ಏನೇ ಇದು, ಹೊಗೆಸೊಪ್ಪಿನ ವಾಸನೆ?" ಎಂದಳು.

"ನಮ್ಮ ಬಚ್ಚಲುಮನೇದು," ಎಂದೆ.